ಮುರುವಿನೊಳಗೆ ಸುಮ್ಮನಿರುವ ಜೀನ್

(ಮಂಗಳೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಬ್ಯಾಕ್ಟೀರಿಯಾದ ಜೀನ್‌ಗಳ ಕಥೆಯನ್ನು ಪಠ್ಯಪುಸ್ತಕಗಳು ಪ್ಯಾರಿಸ್ಸಿನಿಂದ ಶುರು ಮಾಡುತ್ತವೆ. ಮಂಗಳೂರಿನಲ್ಲಿ ನಿಂತು ಹೇಳುವಾಗ ಮುರುವಿನಿಂದ ಶುರು ಮಾಡುವುದು ಹೆಚ್ಚು ನ್ಯಾಯವೆಂದು ನನಗೆ ಕಾಣುತ್ತದೆ. ಅಳಿವೆಯ ಕಲ್ಲುಗಳಿಗೆ ಕಚ್ಚಿಕೊಂಡು ಬೆಳೆಯುವ ಈ ಚಿಪ್ಪುಜೀವಿ ಹೊಳೆಯ ನೀರನ್ನೂ ಕಡಲಿನ ನೀರನ್ನೂ ದಿನವಿಡೀ ಸೋಸುತ್ತಿರುತ್ತದೆ. ನೀರಿನಲ್ಲಿದ್ದ ಬ್ಯಾಕ್ಟೀರಿಯಾ ಅದರ ಮೈಯೊಳಗೆ ಸೇರಿಕೊಳ್ಳುತ್ತದೆ. ಮುರುವಿಗೆ ಅದರಿಂದ ಏನೂ ಆದಂತೆ ಕಾಣುವುದಿಲ್ಲ.

ನಮ್ಮ ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾದದ್ದು, ದೇಶದಲ್ಲೇ ಮೊದಲನೆಯದು. ಅಲ್ಲಿ ಇಂದ್ರಾಣಿ ಕರುಣಾಸಾಗರ್ ಮತ್ತು ಇಡ್ಯ ಕರುಣಾಸಾಗರ್ ದಂಪತಿಗಳ ತಂಡ 2005ರಲ್ಲಿ ಒಂದು ಲೇಖನ ಪ್ರಕಟಿಸಿತು. ನೈಋತ್ಯ ಕರಾವಳಿಯ ಎರಡು ಅಳಿವೆಗಳಿಂದ ಬೇರೆ ಬೇರೆ ಋತುಗಳಲ್ಲಿ ತಂದ ಮುರುವಿನ 49 ಮಾದರಿಗಳನ್ನು ಅವರು ಪರೀಕ್ಷಿಸಿದ್ದರು. ನೂರಕ್ಕೆ ಸುಮಾರು 94ರಲ್ಲಿ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಮನುಷ್ಯನಿಗೆ ವಾಂತಿಭೇದಿ ತರುವ ವಿಷದ ಜೀನ್, ಟಿಡಿಎಚ್, 5 ಮಾದರಿಗಳಲ್ಲಿ ಕಂಡಿತು. ಅದರ ಹತ್ತಿರದ ಸಂಬಂಧಿಯಾದ ಟಿಆರ್‌ಎಚ್ ಜೀನ್ 29 ಮಾದರಿಗಳಲ್ಲಿತ್ತು, ಅಂದರೆ ಅರ್ಧಕ್ಕಿಂತ ಹೆಚ್ಚು.

ಈ ಅಂಕಿಗಳನ್ನು ಕೇಳಿದ ಕೂಡಲೇ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಯೊಂದಿದೆ: ಹಾಗಾದರೆ ಮುರು ತಿಂದವರೆಲ್ಲ ಯಾಕೆ ಕಾಯಿಲೆ ಬೀಳುವುದಿಲ್ಲ? ನಾವು ಬೇಯಿಸಿ ತಿನ್ನುತ್ತೇವೆ, ಬೆಂದಾಗ ಬ್ಯಾಕ್ಟೀರಿಯಾ ಸಾಯುತ್ತದೆ ಎಂಬುದು ಮೊದಲ ಉತ್ತರ. ಅದು ಸರಿಯಾದ ಉತ್ತರ. ಹಸಿಯಾಗಿಯೋ ಅರೆಬೆಂದೋ ತಿನ್ನುವ ಕಡೆ ಈ ಬ್ಯಾಕ್ಟೀರಿಯಾ ಏನು ಮಾಡಬಲ್ಲದು ಎಂಬುದಕ್ಕೆ ಜಪಾನಿನ ಒಸಾಕಾ ಸಾಕ್ಷಿ. 1950ರಲ್ಲಿ ಅಲ್ಲಿ ಶಿರಾಸು ಎಂಬ ಸಣ್ಣ ಮೀನು ತಿಂದ 272 ಮಂದಿ ಹಾಸಿಗೆ ಹಿಡಿದರು, 20 ಮಂದಿ ತೀರಿಕೊಂಡರು. ಅದರ ಕಾರಣ ಹುಡುಕುತ್ತ ಹೋಗಿ ಈ ಬ್ಯಾಕ್ಟೀರಿಯಾವನ್ನು ಮೊದಲು ಹಿಡಿದವರು ಟ್ಸುನೆಸಬುರೊ ಫುಜಿನೊ.

ಆದರೆ ಪ್ರಶ್ನೆಯ ಇನ್ನೊಂದು ಮಗ್ಗುಲಿದೆ. ಇಂದು ಮಾತಾಡಬೇಕಾದದ್ದು ಅದರ ಬಗ್ಗೆಯೇ. ವಿಷದ ಜೀನ್ ಹೊತ್ತ ಬ್ಯಾಕ್ಟೀರಿಯಾ ಮುರುವಿನೊಳಗೆ ಕೂತಿರುವಾಗ ವಿಷ ತಯಾರಿಸುತ್ತಿದೆಯೆ? ಜೀನ್ ಇರುವುದು ಬೇರೆ, ಆ ಜೀನನ್ನು ಓದುವುದು ಬೇರೆ. ಒಂದು ಬ್ಯಾಕ್ಟೀರಿಯಾ ಎಂಥದ್ದು ಎಂದು ತಿಳಿಯಲು ಅದರ ಬಳಿ ಯಾವ ಯಾವ ಜೀನ್‌ಗಳಿವೆ ಎಂಬ ಪಟ್ಟಿ ಸಾಲದು. ಯಾವುದನ್ನು, ಯಾವಾಗ, ಎಲ್ಲಿ ಓದುತ್ತದೆ ಎಂದು ನೋಡಬೇಕು. ಅದನ್ನು ತೀರ್ಮಾನಿಸುವವು ನಿಯಂತ್ರಕ ಪ್ರೋಟೀನ್‌ಗಳು.

ನಮಗೆ ಅತಿ ಹೆಚ್ಚು ಗೊತ್ತಿರುವ ಬ್ಯಾಕ್ಟೀರಿಯಾ ಇ. ಕೋಲಿ. ಅದರ ಡಿಎನ್‌ಎಯಲ್ಲಿ ಸುಮಾರು 46 ಲಕ್ಷ ಅಕ್ಷರಜೋಡಿಗಳಿವೆ, ಸುಮಾರು 4,300 ಜೀನ್‌ಗಳಿವೆ. ಓದುವ ಕೆಲಸ ಆರ್‌ಎನ್‌ಎ ಪಾಲಿಮರೇಸ್ ಎಂಬ ದೊಡ್ಡ ಕಿಣ್ವದ್ದು. ಅದು ಡಿಎನ್‌ಎಯ ಒಂದು ತುಂಡನ್ನು ಆರ್‌ಎನ್‌ಎಯಾಗಿ ನಕಲು ಮಾಡುತ್ತದೆ. ಇದೇ ಪ್ರತಿಲೇಖನ. ಆ ನಕಲನ್ನು ಹಿಡಿದು ರೈಬೊಸೋಮ್‌ಗಳು ಪ್ರೋಟೀನ್ ಕಟ್ಟುತ್ತವೆ. ಎಲ್ಲಿಂದ ಶುರು ಮಾಡಬೇಕು ಎಂದು ಪಾಲಿಮರೇಸ್‌ಗೆ ತಾನಾಗಿ ತಿಳಿಯುವುದಿಲ್ಲ. ನಕಲು ಶುರುವಾಗುವ ಜಾಗಕ್ಕಿಂತ ಸುಮಾರು 10 ಅಕ್ಷರ ಹಿಂದೆ ಒಂದು ಗುರುತು, 35 ಅಕ್ಷರ ಹಿಂದೆ ಇನ್ನೊಂದು ಗುರುತು ಇರುತ್ತದೆ. ಇವೆರಡೂ ಸೇರಿದ ಜಾಗ ಪ್ರೊಮೋಟರ್. ಆ ಗುರುತುಗಳನ್ನು ಹಿಡಿಯುವುದು ಸಿಗ್ಮಾ ಎಂಬ ಪ್ರೋಟೀನ್. ಅದನ್ನು 1969ರಲ್ಲಿ ಪತ್ತೆಹಚ್ಚಿದರು. ಇ. ಕೋಲಿಯಲ್ಲಿ ಏಳು ಬಗೆಯ ಸಿಗ್ಮಾಗಳಿವೆ. ದಿನನಿತ್ಯದ ಜೀನ್‌ಗಳಿಗೆ ಒಂದು, ಬಿಸಿ ತಗುಲಿದಾಗ ಬೇಕಾಗುವ ಜೀನ್‌ಗಳಿಗೆ ಒಂದು, ಸಾರಜನಕ ಕಡಿಮೆಯಾದಾಗ ಬೇಕಾಗುವ ಜೀನ್‌ಗಳಿಗೆ ಇನ್ನೊಂದು, ಹೀಗೆ. ಇದು ನಿಯಂತ್ರಣದ ಮೊದಲ ಹಂತ. ಸೂಕ್ಷ್ಮ ಕೆಲಸವೆಲ್ಲ ಅದರ ಮುಂದಿನದು.

ಈಗ ಪ್ಯಾರಿಸ್ಸಿಗೆ ಹೋಗೋಣ. ಎರಡನೆಯ ಮಹಾಯುದ್ಧದ ಕಾಲ. ಜರ್ಮನ್ ಸೈನ್ಯದ ಕೈಯಲ್ಲಿದ್ದ ಆ ನಗರದಲ್ಲಿ ಜಾಕ್ ಮೊನೊ ಎಂಬ ತರುಣ ಬ್ಯಾಕ್ಟೀರಿಯಾಗೆ ಎರಡು ಬಗೆಯ ಸಕ್ಕರೆ ಒಟ್ಟಿಗೆ ಕೊಟ್ಟು ಅದರ ಬೆಳವಣಿಗೆಯನ್ನು ಅಳೆಯುತ್ತಿದ್ದ. ಬ್ಯಾಕ್ಟೀರಿಯಾ ಮೊದಲು ಒಂದು ಸಕ್ಕರೆಯನ್ನು ಪೂರ್ತಿ ಮುಗಿಸಿತು. ಆಮೇಲೆ ಸ್ವಲ್ಪ ಹೊತ್ತು ಬೆಳವಣಿಗೆ ನಿಂತಿತು. ಮತ್ತೆ ಶುರುವಾಯಿತು, ಈಗ ಎರಡನೆಯ ಸಕ್ಕರೆಯ ಮೇಲೆ. 1941ರ ಅವನ ಡಾಕ್ಟರೇಟ್ ಪ್ರಬಂಧದಲ್ಲಿ ಇದರ ವಿವರವಿದೆ. ಮಧ್ಯೆ ನಿಂತ ಆ ಸ್ವಲ್ಪ ಹೊತ್ತಿನಲ್ಲಿ ಕೋಶದೊಳಗೆ ಏನು ನಡೆಯಿತು ಎಂಬ ಪ್ರಶ್ನೆಯನ್ನು ಮೊನೊ ಮುಂದಿನ ಇಪ್ಪತ್ತು ವರ್ಷ ಬಿಡಲಿಲ್ಲ. ಅದರ ನಡುವೆಯೇ ಫ್ರಾನ್ಸಿನ ಭೂಗತ ಪ್ರತಿರೋಧದಲ್ಲೂ ಹೋರಾಡಿದ. ಅವನ ಜತೆಗಾರನಾಗಿ ಬಂದ ಫ್ರಾಂಸ್ವಾ ಜಾಕೊಬ್‌ಗೆ ಶಸ್ತ್ರವೈದ್ಯನಾಗುವ ಆಸೆಯಿತ್ತು. 1944ರಲ್ಲಿ ನಾರ್ಮಂಡಿಯಲ್ಲಿ ಬಿದ್ದ ಗಾಯಗಳು ಆ ದಾರಿಯನ್ನು ಮುಚ್ಚಿದವು. ಪಾಸ್ಚರ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಇಬ್ಬರೂ ಸೇರಿದರು.

ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವವನ್ನು ಇ. ಕೋಲಿ ಲ್ಯಾಕ್ಟೋಸ್ ಇದ್ದಾಗ ಮಾತ್ರ ಹೇರಳವಾಗಿ ತಯಾರಿಸುತ್ತದೆ. ಆದರೆ ಕೆಲವು ರೂಪಾಂತರಿಗಳು ಲ್ಯಾಕ್ಟೋಸ್ ಇರಲಿ ಬಿಡಲಿ ಸದಾ ತಯಾರಿಸುತ್ತಿದ್ದವು. ಅಮೆರಿಕದಿಂದ ಬಂದಿದ್ದ ಆರ್ಥರ್ ಪಾರ್ಡಿ ಜತೆ ಸೇರಿ ಅವರು ಮಾಡಿದ ಪ್ರಯೋಗ 1959ರಲ್ಲಿ ಪ್ರಕಟವಾಯಿತು. ಅಷ್ಟು ಚೆಂದದ ಪ್ರಯೋಗಗಳು ಜೀವವಿಜ್ಞಾನದಲ್ಲಿ ಹೆಚ್ಚಿಲ್ಲ. ನಿಯಂತ್ರಣದ ಜೀನೂ ಕಿಣ್ವದ ಜೀನೂ ಎರಡೂ ಕೆಟ್ಟಿರುವ ಕೋಶಕ್ಕೆ, ಎರಡೂ ಸರಿಯಾಗಿರುವ ಡಿಎನ್‌ಎಯನ್ನು ಸಾಗಿಸಿದರು. ಲ್ಯಾಕ್ಟೋಸ್ ಇಲ್ಲ. ಆದರೂ ಒಳಗೆ ಹೋದ ಡಿಎನ್‌ಎ ತಕ್ಷಣವೇ ಕಿಣ್ವ ಮಾಡಿಸತೊಡಗಿತು! ಒಂದೆರಡು ಗಂಟೆ ಕಳೆಯುವಷ್ಟರಲ್ಲಿ ಕಿಣ್ವ ತಯಾರಿ ನಿಂತುಹೋಯಿತು. ಯಾಕೆ ನಿಂತಿತು? ಡಿಎನ್‌ಎ ಜತೆ ಬಂದ ನಿಯಂತ್ರಣದ ಜೀನ್ ಆ ಅವಧಿಯಲ್ಲಿ ಏನನ್ನೋ ತಯಾರಿಸಿತು, ಅದು ಕೋಶದಲ್ಲೆಲ್ಲ ಹರಡಿ ಕಿಣ್ವದ ಜೀನನ್ನು ತಡೆಯಿತು. ಅಂದರೆ ಸಹಜ ಕೋಶದಲ್ಲಿ ಲ್ಯಾಕ್ಟೋಸ್ ಜೀನನ್ನು ಎಬ್ಬಿಸುವುದಿಲ್ಲ. ಜೀನನ್ನು ಒತ್ತಿಹಿಡಿದವನನ್ನು ಅಲ್ಲಿಂದ ಸರಿಸುತ್ತದೆ.

ಬ್ಯಾಕ್ಟೀರಿಯಾದೊಳಗೆ ಸುಮ್ಮನೆ ಕೂತಿರುವ ವೈರಸ್ಸಿನ ಜೀನ್‌ಗಳೂ ಇದೇ ರೀತಿ ತಡೆಯಲ್ಪಟ್ಟಿವೆ ಎಂಬ ಹೊಳಹು 1958ರ ಜುಲೈಯಲ್ಲಿ ಜಾಕೊಬ್‌ಗೆ ಸಿನಿಮಾ ಥಿಯೇಟರಿನಲ್ಲಿ ಕೂತಿದ್ದಾಗ ಬಂತಂತೆ. 1961ರಲ್ಲಿ ಇಬ್ಬರೂ ತಮ್ಮ ಸಿದ್ಧಾಂತವನ್ನು ಬರೆದರು: ಒಟ್ಟಿಗೆ ಓದಲ್ಪಡುವ ಜೀನ್‌ಗಳ ಸಾಲು ಆಪೆರಾನ್, ಅದರ ತಲೆಯ ಬಳಿಯ ಜಾಗ ಆಪರೇಟರ್, ಅಲ್ಲಿ ಬಂದು ಕೂತು ಓದನ್ನು ತಡೆಯುವುದು ದಮನಕ. ಗುರುವಾದ ಆಂದ್ರೆ ಲ್ವೋಫ್ ಜತೆ ಅವರಿಗೆ 1965ರ ನೊಬೆಲ್ ಬಂತು. ಆಗಲೂ ದಮನಕವನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. ಅದು ಆರ್‌ಎನ್‌ಎ ಇರಬಹುದೆಂದೇ ಅವರು ಮೊದಲು ಊಹಿಸಿದ್ದರು. 1966ರಲ್ಲಿ ಹಾರ್ವರ್ಡ್‌ನಲ್ಲಿ ವಾಲ್ಟರ್ ಗಿಲ್ಬರ್ಟ್ ಮತ್ತು ಬೆನ್ನೊ ಮುಲ್ಲರ್-ಹಿಲ್ ಅದನ್ನು ಪ್ರತ್ಯೇಕಿಸಿ ಅದೊಂದು ಪ್ರೋಟೀನ್ ಎಂದು ತೋರಿಸಿದರು. ಮರುವರ್ಷ ಮಾರ್ಕ್ ಟಾಷ್ನೆ ಲ್ಯಾಂಬ್ಡಾ ಎಂಬ ಬ್ಯಾಕ್ಟೀರಿಯಾ ವೈರಸ್ಸಿನ ದಮನಕವನ್ನೂ ಹಿಡಿದರು.

ನಮ್ಮ ಜಿಲ್ಲೆಯ ತೋಡುಗಳಲ್ಲಿರುವ ಕಿಂಡಿ ಅಣೆಕಟ್ಟುಗಳನ್ನು ನೀವೆಲ್ಲ ನೋಡಿದ್ದೀರಿ. ಮಳೆ ಮುಗಿದ ಮೇಲೆ ಹಲಗೆ ಇಳಿಸುತ್ತಾರೆ, ಮಳೆಗಾಲಕ್ಕೆ ಮೊದಲು ತೆಗೆಯುತ್ತಾರೆ. ಹಲಗೆ ಇಳಿಸಿದ ಮೇಲೂ ಸಂದಿಯಿಂದ ಒಂದಿಷ್ಟು ನೀರು ಜಿನುಗುತ್ತಲೇ ಇರುತ್ತದೆ. ಲ್ಯಾಕ್ಟೋಸಿನ ಆಪೆರಾನನ್ನು ತಡೆಯುವ ಲ್ಯಾಕ್ ದಮನಕವೂ ಹಾಗೆಯೇ, ಪೂರ್ತಿ ಮುಚ್ಚುವುದಿಲ್ಲ. ಈ ಜಿನುಗು ಕೊರತೆಯೆಂದು ತೋರಬಹುದು, ಆದರೆ ಬ್ಯಾಕ್ಟೀರಿಯಾದ ಬದುಕು ಅದರ ಮೇಲೆ ನಿಂತಿದೆ. ಲ್ಯಾಕ್ಟೋಸನ್ನು ಕೋಶದೊಳಗೆ ತರುವ ಪ್ರೋಟೀನಿನ ಜೀನ್ ಕೂಡ ಅದೇ ಆಪೆರಾನಿನಲ್ಲಿದೆ. ಜಿನುಗೇ ಇಲ್ಲದಿದ್ದರೆ ಲ್ಯಾಕ್ಟೋಸ್ ಒಳಗೆ ಬರುವುದೇ ಇಲ್ಲ, ಬಾರದಿದ್ದರೆ ದಮನಕ ಸರಿಯುವುದೂ ಇಲ್ಲ. ದಮನಕವನ್ನು ನಿಜವಾಗಿ ಸರಿಸುವುದು ಲ್ಯಾಕ್ಟೋಸ್ ಅಲ್ಲ, ಅದರಿಂದ ಅದೇ ಕಿಣ್ವ ತಯಾರಿಸುವ ಅಲೊಲ್ಯಾಕ್ಟೋಸ್. ಆ ಕಿಣ್ವವೂ ಜಿನುಗಿನಿಂದಲೇ ಹುಟ್ಟಬೇಕು.

ಇನ್ನೊಂದು ಬೆರಗಿನ ವಿಷಯ. ಒಂದು ಇ. ಕೋಲಿ ಕೋಶದಲ್ಲಿ ಲ್ಯಾಕ್ ದಮನಕದ ಅಣುಗಳು ಹತ್ತರ ಆಸುಪಾಸಿನಲ್ಲಿ ಮಾತ್ರ ಇರುತ್ತವೆ. ಹತ್ತು ಅಣುಗಳು 46 ಲಕ್ಷ ಅಕ್ಷರಗಳ ನಡುವೆ ಇಪ್ಪತ್ತು ಚಿಲ್ಲರೆ ಅಕ್ಷರಗಳ ಒಂದು ಜಾಗವನ್ನು ಹುಡುಕಬೇಕು. ಕೋಶದ ದ್ರವದಲ್ಲಿ ಅಲೆದಾಡಿ ಹುಡುಕಿದರೆ ಆಗಬಹುದಾದ ವೇಗಕ್ಕಿಂತ ಹೆಚ್ಚು ಬೇಗ ಅದು ಸಿಗುತ್ತದೆ ಎಂದು 1970ರಲ್ಲೇ ಅಳತೆಗಳು ತೋರಿಸಿದವು. ದಮನಕ ಮೊದಲು ಡಿಎನ್‌ಎಯ ಎಲ್ಲೋ ಒಂದು ಕಡೆ ಸಡಿಲವಾಗಿ ಅಂಟಿಕೊಂಡು, ಅದರ ಮೇಲೆಯೇ ಜಾರುತ್ತ ಸ್ವಲ್ಪ ದೂರ ಸಾಗಿ ನೋಡುತ್ತದೆ. ಸಿಗದಿದ್ದರೆ ಬಿಟ್ಟು ಇನ್ನೊಂದು ಕಡೆ ಅಂಟಿಕೊಳ್ಳುತ್ತದೆ. ಸ್ವೀಡನ್ನಿನ ಉಪ್ಸಾಲಾದಲ್ಲಿ ಯೋಹಾನ್ ಎಲ್ಫ್ ಅವರ ಗುಂಪು ಇದು ಜೀವಂತ ಕೋಶದಲ್ಲೂ ನಡೆಯುತ್ತದೆಂದು 2012ರಲ್ಲಿ ತೋರಿಸಿತು. ಸರಿಯಾದ ಜಾಗ ಸಿಕ್ಕ ಮೇಲೂ ಕೆಲಸ ಮುಗಿಯಲಿಲ್ಲ. ದಮನಕಕ್ಕೆ ನಾಲ್ಕು ಭಾಗಗಳಿವೆ, ಎರಡು ಕಡೆಯಿಂದ ಡಿಎನ್‌ಎ ಹಿಡಿಯಬಲ್ಲದು. ಒಂದು ಕೈ ಮುಖ್ಯ ಆಪರೇಟರಿನಲ್ಲಿ, ಇನ್ನೊಂದು ಕೈ ದೂರದ ಸಹಾಯಕ ಆಪರೇಟರಿನಲ್ಲಿ. ನಡುವಿನ ಡಿಎನ್‌ಎ ಕುಣಿಕೆಯಾಗಿ ಬಾಗುತ್ತದೆ. ಆ ಸಹಾಯಕ ಜಾಗಗಳನ್ನು ಕೆಡಿಸಿದರೆ ಮುಖ್ಯ ಜಾಗ ಸರಿಯಿದ್ದರೂ ತಡೆ ಬಹಳ ದುರ್ಬಲವಾಗುತ್ತದೆ.

ತಡೆಯುವುದು ಮಾತ್ರವೇ ನಿಯಂತ್ರಣವೆಂದು ಬಹಳ ಕಾಲ ನಂಬಿದ್ದರು. ಎಲಿಸ್ ಎಂಗ್ಲ್ಸ್‌ಬರ್ಗ್ 1965ರಲ್ಲಿ ಅರಬಿನೋಸ್ ಎಂಬ ಇನ್ನೊಂದು ಸಕ್ಕರೆಯ ಜೀನ್‌ಗಳನ್ನು ನೋಡಿ, ಇಲ್ಲಿ ನಿಯಂತ್ರಕವನ್ನು ಕೆಡಿಸಿದರೆ ಓದು ನಿಲ್ಲುತ್ತದೆ, ಆದ್ದರಿಂದ ಇದು ಓದಿಗೆ ಒತ್ತಾಸೆ ಕೊಡುವ ಪ್ರೋಟೀನ್ ಎಂದರು. ಒಪ್ಪಿಸಲು ಅವರಿಗೆ ವರ್ಷಗಳೇ ಬೇಕಾದವು. ಲ್ಯಾಕ್ ಆಪೆರಾನಿಗೂ ಅಂಥದೊಂದು ಒತ್ತಾಸೆ ಬೇಕು. ಗ್ಲುಕೋಸ್ ಮುಗಿದಾಗ ಕೋಶದಲ್ಲಿ ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣು ಹೆಚ್ಚುತ್ತದೆ, ಅದನ್ನು ಹಿಡಿದ ಸಿಆರ್‌ಪಿ ಎಂಬ ಪ್ರೋಟೀನ್ ಪ್ರೊಮೋಟರಿನ ಪಕ್ಕ ಕೂತು ಪಾಲಿಮರೇಸನ್ನು ಅಲ್ಲಿಗೆ ಎಳೆದುಕೊಳ್ಳುತ್ತದೆ. ಮೊನೊ ಕಂಡ ಆ ನಡುವಣ ನಿಲುಗಡೆಯ ಅರ್ಥದ ಒಂದು ಪಾಲು ಇಲ್ಲಿದೆ.

ಒತ್ತಾಸೆ ಕೊಡುವುದೆಂದರೆ ಪಾಲಿಮರೇಸನ್ನು ಕರೆತರುವುದಷ್ಟೇ ಅಲ್ಲವೆಂದು ತೋರಿಸಿದ ಕೆಲಸ ನಮ್ಮ ರಾಜ್ಯದಲ್ಲೇ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಳಕುಂಜ ನಾಗರಾಜ ಅವರ ತಂಡ ದಶಕಗಳ ಕಾಲ ಮ್ಯೂ ಎಂಬ ಬ್ಯಾಕ್ಟೀರಿಯಾ ವೈರಸ್ಸಿನ ಸಿ ಪ್ರೋಟೀನಿನ ಮೇಲೆ ಕೆಲಸ ಮಾಡಿತು. ಮ್ಯೂ ವೈರಸ್ಸಿಗೆ ಮಾಮ್ ಎಂಬ ಒಂದು ಜೀನ್ ಇದೆ. ಅದು ವೈರಸ್ಸಿನ ಡಿಎನ್‌ಎಯ ಅಕ್ಷರಗಳ ಮೇಲೆ ಒಂದು ರಾಸಾಯನಿಕ ಗುರುತು ಹಾಕಿಸಿ, ಬ್ಯಾಕ್ಟೀರಿಯಾದ ಕತ್ತರಿಸುವ ಕಿಣ್ವಗಳಿಂದ ಅದನ್ನು ಕಾಪಾಡುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಓದಿದರೆ ಅದೇ ಜೀನ್ ಆಶ್ರಯ ಕೊಟ್ಟ ಕೋಶಕ್ಕೆ ಅಪಾಯ. ಆದ್ದರಿಂದ ಅದರ ಪ್ರೊಮೋಟರನ್ನು ಪ್ರಕೃತಿ ಸ್ವಲ್ಪ ತಪ್ಪಾಗಿಯೇ ಇಟ್ಟಿದೆ. ಎರಡು ಗುರುತುಗಳ ನಡುವೆ 17 ಅಕ್ಷರಜೋಡಿಗಳ ಅಂತರವಿದ್ದರೆ ಪಾಲಿಮರೇಸ್‌ಗೆ ಚೆನ್ನಾಗಿ ಹೊಂದುತ್ತದೆ. ಇಲ್ಲಿ 19 ಇದೆ. ಡಿಎನ್‌ಎ ಸುರುಳಿಯಾದ್ದರಿಂದ ಎರಡು ಅಕ್ಷರ ಹೆಚ್ಚಾದರೆ ಎರಡನೆಯ ಗುರುತು ಬೇರೆ ಮಗ್ಗುಲಿಗೆ ತಿರುಗಿಬಿಡುತ್ತದೆ. ಸಿ ಪ್ರೋಟೀನ್ ಬಂದು ಡಿಎನ್‌ಎಯ ಹುರಿಯನ್ನು ಕೊಂಚ ಬಿಚ್ಚುತ್ತದೆ, ಗುರುತುಗಳು ಒಂದೇ ಸಾಲಿಗೆ ಬರುತ್ತವೆ. ನಾಗರಾಜ ಅವರ ತಂಡ 2001ರಲ್ಲಿ ಇದನ್ನು ವಿವರಿಸಿತು. 2006ರಲ್ಲಿ ಇನ್ನೊಂದು ವಿಷಯ ತಿಳಿಯಿತು: ಪಾಲಿಮರೇಸ್ ಬಂದು ಕೂತ ಮೇಲೂ ಅಲ್ಲಿಂದ ಹೊರಡಲು ತಡಕಾಡುತ್ತದೆ, ಆ ಹಂತದಲ್ಲೂ ಸಿ ಪ್ರೋಟೀನ್ ನೆರವಾಗುತ್ತದೆ. ಒಂದೇ ಪ್ರೋಟೀನ್, ಎರಡು ಹಂತಗಳಲ್ಲಿ ಎರಡು ಕೆಲಸ. ಒಂದು ಪ್ರೊಮೋಟರನ್ನು ಇಷ್ಟು ವರ್ಷ ಬೆನ್ನುಹತ್ತಿ ಕೂತವರ ತಾಳ್ಮೆಗೆ ನನಗೆ ತುಂಬ ಗೌರವವಿದೆ. ಕಾಯಿಲೆಯೂ ಇಲ್ಲ, ಮಾರುಕಟ್ಟೆಯೂ ಇಲ್ಲ. ಒಂದು ಜೀನ್ ಹೇಗೆ ಓದಲ್ಪಡುತ್ತದೆ ಎಂದು ತಿಳಿಯುವ ಆಸೆ ಮಾತ್ರ. ಇಂಥ ಕೆಲಸಕ್ಕೆ ಹಣ ಕೊಡಲು ಹಿಂಜರಿಯುವವರಿಗೆ ನಾನು ಕೊಡುವ ಉತ್ತರ, ಈಗ ಹೇಳಲಿರುವ ಕಡಲತೀರದ ಕಥೆ.

ಮುರುವಿಗೆ ಮರಳೋಣ, ಅದರೊಳಗಿನ ವಿಬ್ರಿಯೊದ ಸಂಬಂಧಿಯೊಂದರ ಮೂಲಕ. ಕಾಲರಾ ತರುವ ವಿಬ್ರಿಯೊ ಕಾಲರೆಯಲ್ಲಿ ವಿಷದ ಜೀನ್‌ಗಳನ್ನು ಎಬ್ಬಿಸುವ ಪ್ರೋಟೀನೊಂದನ್ನು 1984ರಲ್ಲಿ ಹಾರ್ವರ್ಡ್‌ನಲ್ಲಿ ವರ್ಜೀನಿಯಾ ಮಿಲ್ಲರ್ ಮತ್ತು ಜಾನ್ ಮೆಕಲನೋಸ್ ಗುರುತಿಸಿದರು. ಅದಕ್ಕೆ ಟಾಕ್ಸ್-ಆರ್ ಎಂದು ಹೆಸರಿಟ್ಟರು. 1987ರಲ್ಲಿ ತಿಳಿದುಬಂದ ಸಂಗತಿ ಎಲ್ಲರನ್ನೂ ಅಚ್ಚರಿಗೊಳಿಸಿತು. ಲ್ಯಾಕ್ ದಮನಕದಂತೆ ಇದು ಕೋಶದ ದ್ರವದಲ್ಲಿ ಓಡಾಡುವುದಿಲ್ಲ. ಕೋಶದ ಪೊರೆಯಲ್ಲೇ ನಾಟಿಕೊಂಡಿರುತ್ತದೆ. ಒಂದು ತುದಿ ಪೊರೆಯ ಹೊರಮಗ್ಗುಲಿಗೆ ಚಾಚಿರುತ್ತದೆ, ಇನ್ನೊಂದು ತುದಿ ಒಳಗಿನ ಡಿಎನ್‌ಎಯನ್ನು ಹಿಡಿಯುತ್ತದೆ. ಹೊರಗಿನ ಸುದ್ದಿಯನ್ನು ಒಳಗಿನ ಜೀನಿಗೆ ಒಂದೇ ಅಣು ಮುಟ್ಟಿಸುತ್ತದೆ, ನಡುವೆ ಬೇರೆ ಯಾರೂ ಬೇಕಾಗಿಲ್ಲ.

ಇದೇ ಬಗೆಯ ಟಾಕ್ಸ್-ಆರ್ ನಮ್ಮ ಮುರುವಿನ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್‌ನಲ್ಲೂ ಇದೆಯೆಂದೂ ಅದು ಟಿಡಿಎಚ್ ವಿಷದ ಜೀನನ್ನು ಪರಿಸರಕ್ಕೆ ತಕ್ಕಂತೆ ಓದಿಸುತ್ತದೆಂದೂ 1993ರಲ್ಲಿ ಪ್ರಕಟವಾಯಿತು. ಮುಂದೆ ಈ ಜೀನಿಗೆ ಯಾರೂ ನಿರೀಕ್ಷಿಸದ ಒಂದು ಉಪಯೋಗ ಕಂಡಿತು. ಟಾಕ್ಸ್-ಆರ್ ಜೀನಿನ ಕೆಲವು ಭಾಗ ಎಲ್ಲ ವಿಬ್ರಿಯೊಗಳಲ್ಲೂ ಹೆಚ್ಚುಕಡಿಮೆ ಒಂದೇ, ಕೆಲವು ಭಾಗ ಪ್ರಭೇದದಿಂದ ಪ್ರಭೇದಕ್ಕೆ ಬದಲಾಗುತ್ತದೆ. ಬದಲಾಗುವ ಭಾಗವನ್ನು ಪಿಸಿಆರ್‌ನಿಂದ ಹಿಗ್ಗಿಸಿ ನೋಡಿದರೆ ಇದು ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಹೌದೋ ಅಲ್ಲವೋ ಎಂದು ಹೇಳಬಹುದು. ಮಂಗಳೂರಿನ ಪ್ರಯೋಗಾಲಯ ಜಪಾನಿನ ಮಿತ್ಸುಆಕಿ ನಿಶಿಬುಚಿ ಅವರ ಜತೆ ಸೇರಿ ಈ ವಿಧಾನವನ್ನು ನಮ್ಮ ಕಡಲಾಹಾರಕ್ಕೂ ಕರಾವಳಿಯ ನೀರಿಗೂ ಅನ್ವಯಿಸಿ 2003ರಲ್ಲಿ ಪ್ರಕಟಿಸಿತು. 2005ರ ಮುರುವಿನ ಅಧ್ಯಯನದಲ್ಲೂ ಟಾಕ್ಸ್-ಆರ್ ಪರೀಕ್ಷೆ ಇದೆ. ನಿಯಂತ್ರಕ ಪ್ರೋಟೀನೊಂದರ ಜೀನ್, ಧಕ್ಕೆಯಿಂದ ಬಂದ ಮೀನನ್ನು ಪರೀಕ್ಷಿಸುವ ಮೇಜಿನ ಮೇಲೆ ನಿತ್ಯದ ಸಲಕರಣೆಯಾಯಿತು. ಕಾಲರಾದ ಜೀನನ್ನು ಯಾರು ಎಬ್ಬಿಸುತ್ತಾರೆ ಎಂದು ಕೇಳಿದವರಿಗೆ ಮುಂದೊಮ್ಮೆ ಇಂಥ ಬಳಕೆ ಬರಲಿದೆಯೆಂದು ಗೊತ್ತಿರಲಿಲ್ಲ.

ಇನ್ನು ಆ ಮುಖ್ಯ ಪ್ರಶ್ನೆ: ಜೀನ್ ಎಲ್ಲಿ ಎಚ್ಚರಗೊಳ್ಳುತ್ತದೆ? ಇದಕ್ಕೆ ತುಂಬ ಸ್ಪಷ್ಟವಾದ ಉತ್ತರ 2016ರಲ್ಲಿ ಅಮೆರಿಕದ ಡಲ್ಲಾಸ್‌ನಿಂದ, ಕಿಮ್ ಆರ್ಥ್ ಅವರ ಪ್ರಯೋಗಾಲಯದಿಂದ ಬಂತು. ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್‌ನ ಪೊರೆಯಲ್ಲಿ ಟಾಕ್ಸ್-ಆರ್ ಮಾದರಿಯದೇ ಆದ ವಿಟಿಆರ್-ಎ ಎಂಬ ಇನ್ನೊಂದು ಪ್ರೋಟೀನ್ ಇದೆ. ಅದು ವಿಟಿಆರ್-ಸಿ ಎಂಬ ಜೊತೆಗಾರನೊಂದಿಗೆ ಸೇರಿ ಪೊರೆಯ ಹೊರಮಗ್ಗುಲಿನಲ್ಲಿ ಒಂದು ಪೊಟರೆಯನ್ನು ಕಟ್ಟುತ್ತದೆ. ಆ ಪೊಟರೆಯಲ್ಲಿ ಪಿತ್ತದ ಲವಣದ ಅಣು ಸರಿಯಾಗಿ ಕೂರುತ್ತದೆ. ಪಿತ್ತ ಸಿಕ್ಕಿದರೆ ವಿಟಿಆರ್-ಎ ಒಳಗೆ ವಿಟಿಆರ್-ಬಿ ಎಂಬ ನಿಯಂತ್ರಕದ ಜೀನನ್ನು ಓದಿಸುತ್ತದೆ. ವಿಟಿಆರ್-ಬಿ ರೋಗಕಾರಕ ಜೀನ್‌ಗಳ ಇಡೀ ಸಮೂಹವನ್ನು ಓದಿಸುತ್ತದೆ, ಟಿಡಿಎಚ್ ಕೂಡ ಆ ಸಮೂಹದ್ದೇ. ಪಿತ್ತ ಅಳಿವೆಯ ನೀರಿನಲ್ಲಿ ಇರುವಂಥದ್ದಲ್ಲ. ಅದು ನಮ್ಮ ಕರುಳಿನಲ್ಲಿದೆ. ಅಂದರೆ ತಾನು ಈಗ ಎಲ್ಲಿದ್ದೇನೆಂದು ಈ ಬ್ಯಾಕ್ಟೀರಿಯಾ ಒಂದು ಅಣುವನ್ನು ಮುಟ್ಟಿ ತಿಳಿದುಕೊಳ್ಳುತ್ತದೆ. ಅಳಿವೆಯ ಬದುಕಿಗೆ ಬೇಡದ ಜೀನ್, ಕರುಳಿಗೆ ಇಳಿದ ಮೇಲೆ ಕೆಲಸಕ್ಕೆ ಬರುತ್ತದೆ. ನಮ್ಮ 29 ಮಾದರಿಗಳೋ 5 ಮಾದರಿಗಳೋ ಎಂಬ ಲೆಕ್ಕವನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ಓದಬೇಕು.

ಬೆಳಕು ಎಂದಾಗ ಇನ್ನೊಂದು ವಿಬ್ರಿಯೊ ನೆನಪಾಗುತ್ತದೆ. 2020ರ ನವೆಂಬರಿನಲ್ಲಿ ನಮ್ಮ ಕರಾವಳಿಯಲ್ಲಿ ರಾತ್ರಿ ಅಲೆಗಳು ನೀಲಿಯಾಗಿ ಮಿನುಗಿದವು, ಜನ ಗುಂಪುಗುಂಪಾಗಿ ಹೋಗಿ ನೋಡಿದರು. ಅದು ಬ್ಯಾಕ್ಟೀರಿಯಾ ಅಲ್ಲ, ನಾಕ್ಟಿಲೂಕ ಎಂಬ ಏಕಕೋಶ ಜೀವಿ, ಅಲುಗಾಡಿಸಿದಾಗ ಮಿಂಚುತ್ತದೆ. ಬೆಳಗುವ ಬ್ಯಾಕ್ಟೀರಿಯಾ ಬೇರೆ. ಅದರ ಬೆಳಕು ಮಿಂಚಿ ಮರೆಯಾಗುವುದಿಲ್ಲ, ಒಂದೇ ಸಮನೆ ಇರುತ್ತದೆ. ಸಿಗಡಿ ಹ್ಯಾಚರಿಗಳಿಗೆ ಇದು ದುಃಸ್ವಪ್ನ. ತೊಟ್ಟಿಯಲ್ಲಿ ಟೈಗರ್ ಸಿಗಡಿಯ ಮರಿಗಳು ಸಾಯತೊಡಗಿ, ಕತ್ತಲಲ್ಲಿ ನೋಡಿದರೆ ಅವುಗಳ ಮೈ ಮಂಕಾಗಿ ಹೊಳೆಯುತ್ತಿದ್ದರೆ ವಿಬ್ರಿಯೊ ಹಾರ್ವೆಯಿ ಹೊಕ್ಕಿದೆಯೆಂದೇ ಅರ್ಥ. ಕರುಣಾಸಾಗರ್ ತಂಡ 1994ರಲ್ಲಿ ಇಂಥ ಒಂದು ಸಾಮೂಹಿಕ ಸಾವಿನಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾ ಹಲವು ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದಂಥದ್ದಾಗಿತ್ತು. 1996ರಲ್ಲಿ ಅವರು, ಈ ಬ್ಯಾಕ್ಟೀರಿಯಾ ತೊಟ್ಟಿಯ ಮೇಲ್ಮೈಗಳಿಗೆ ಪಾಚಿಯಂತೆ ಪದರವಾಗಿ ಅಂಟಿಕೊಂಡು ಉಳಿಯುತ್ತದೆಂದು ತೋರಿಸಿದರು.

ಬೆಳಗುವುದಕ್ಕೆ ಖರ್ಚು ಹೆಚ್ಚು. ಕಡಲಿನ ನೀರಿನಲ್ಲಿ ಒಂದು ಬ್ಯಾಕ್ಟೀರಿಯಾ ಒಂಟಿಯಾಗಿ ಬೆಳಗಿದರೆ ಯಾರಿಗೂ ಕಾಣದು. 1970ರಲ್ಲಿ ಹಾರ್ವರ್ಡ್‌ನಲ್ಲಿ ಕೆನೆತ್ ನೀಲ್ಸನ್, ಟೆರ್ರಿ ಪ್ಲಾಟ್ ಮತ್ತು ವುಡ್‌ಲ್ಯಾಂಡ್ ಹೇಸ್ಟಿಂಗ್ಸ್ ಗಮನಿಸಿದ್ದು ಇದನ್ನೇ: ಬೆಳಗುವ ಬ್ಯಾಕ್ಟೀರಿಯಾ ಸಾಂದ್ರವಾಗುವ ತನಕ ಬೆಳಕು ಮಾಡುವುದಿಲ್ಲ. ಪ್ರತಿ ಕೋಶವೂ ಒಂದು ಸಣ್ಣ ಅಣುವನ್ನು ಹೊರಬಿಡುತ್ತಿರುತ್ತದೆ. ಕೋಶಗಳು ಹೆಚ್ಚಿದಂತೆ ನೀರಿನಲ್ಲಿ ಆ ಅಣುವೂ ಹೆಚ್ಚುತ್ತದೆ, ಒಂದು ಮಟ್ಟ ದಾಟಿದ ಮೇಲೆ ಎಲ್ಲ ಕೋಶಗಳೂ ಒಟ್ಟಿಗೆ ಬೆಳಕಿನ ಜೀನನ್ನು ಓದುತ್ತವೆ. ವಿಬ್ರಿಯೊ ಹಾರ್ವೆಯಿಯಲ್ಲಿ ಅಂಥ ಅಣುಗಳು ಮೂರು ಬಗೆ. ಅದರಲ್ಲೊಂದರಲ್ಲಿ ಬೋರಾನ್ ಇದೆಯೆಂದು 2002ರಲ್ಲಿ ತಿಳಿಯಿತು, ಜೀವಲೋಕದಲ್ಲಿ ಬೋರಾನ್ ಅಪರೂಪ. ಈ ವ್ಯವಸ್ಥೆಯನ್ನು ಬಿಡಿಸಿದವರಲ್ಲಿ ಪ್ರಿನ್ಸ್‌ಟನ್ನಿನ ಬಾನಿ ಬ್ಯಾಸ್ಲರ್ ಮುಖ್ಯರು. ಅವರು ಕೆಲಸ ಮಾಡಿದ ಪ್ರಸಿದ್ಧ ತಳಿಯನ್ನು ಈಚೆಗೆ ವಿಬ್ರಿಯೊ ಕ್ಯಾಂಪ್‌ಬೆಲ್ಲಿ ಎಂದು ಮರುವರ್ಗೀಕರಿಸಿದ್ದಾರೆ. ವಿದ್ಯಾರ್ಥಿಗಳು ಹೊಸ ಲೇಖನಗಳನ್ನು ಓದುವಾಗ ಗೊಂದಲವಾಗಬಾರದೆಂದು ಹೇಳುತ್ತಿದ್ದೇನೆ.

ಕೋಶಗಳು ವಿರಳವಾಗಿದ್ದಾಗ ಲಕ್ಸ್-ಒ ಎಂಬ ನಿಯಂತ್ರಕ ಪ್ರೋಟೀನ್ ಒಂದು ವಿಶೇಷ ಸಿಗ್ಮಾದ ಜತೆ ಸೇರಿ ಐದು ಸಣ್ಣ ಆರ್‌ಎನ್‌ಎಗಳನ್ನು ಓದಿಸುತ್ತದೆ. ಆ ಆರ್‌ಎನ್‌ಎಗಳು ಲಕ್ಸ್-ಆರ್ ಎಂಬ ಮುಖ್ಯ ನಿಯಂತ್ರಕದ ಸಂದೇಶವನ್ನು ಪ್ರೋಟೀನ್ ಆಗುವ ಮೊದಲೇ ನಾಶಮಾಡುತ್ತವೆ. ಕೋಶಗಳು ದಟ್ಟವಾದಾಗ ಲಕ್ಸ್-ಒ ಸುಮ್ಮನಾಗುತ್ತದೆ, ಲಕ್ಸ್-ಆರ್ ಹುಟ್ಟುತ್ತದೆ, ಬೆಳಕಿನ ಜೀನ್‌ಗಳ ಜತೆ ಇನ್ನೂ ಹಲವು ಜೀನ್‌ಗಳ ಓದು ಬದಲಾಗುತ್ತದೆ. ಕೆಲವನ್ನು ಅದು ಎಬ್ಬಿಸುತ್ತದೆ, ಕೆಲವನ್ನು ತಡೆಯುತ್ತದೆ. ಹ್ಯಾಚರಿಯ ತೊಟ್ಟಿ ಬ್ಯಾಕ್ಟೀರಿಯಾ ದಟ್ಟವಾಗಲು ಹೇಳಿಮಾಡಿಸಿದ ಜಾಗ. ತೆರೆದ ಕಡಲಿನಲ್ಲಿ ಸಿಗದ ಸಂದರ್ಭವನ್ನು ನಾವೇ ಅದಕ್ಕೆ ಒದಗಿಸುತ್ತೇವೆ.

ಪ್ರೋಟೀನಿನ ಆಕಾರ ನೋಡಿದರೆ ಈ ಲಕ್ಸ್-ಆರ್, ಟೆಟ್-ಆರ್ ಎಂಬ ದೊಡ್ಡ ಕುಟುಂಬಕ್ಕೆ ಸೇರಿದ್ದು. ಟೆಟ್-ಆರ್ ಮಾಡುವುದೇನು? ಟೆಟ್ರಾಸೈಕ್ಲಿನ್ ಔಷಧವನ್ನು ಕೋಶದಿಂದ ಹೊರಗೆ ಪಂಪು ಮಾಡುವ ಪ್ರೋಟೀನಿನ ಜೀನನ್ನು ತಡೆಹಿಡಿದಿರುತ್ತದೆ. ಟೆಟ್ರಾಸೈಕ್ಲಿನ್ ಮೆಗ್ನೀಷಿಯಂ ಜತೆ ಸೇರಿ ಒಳಬಂದರೆ ಅದನ್ನು ಹಿಡಿದು ಡಿಎನ್‌ಎ ಬಿಟ್ಟುಕೊಡುತ್ತದೆ, ಪಂಪು ಸಿದ್ಧವಾಗುತ್ತದೆ. ಔಷಧ ಕೋಶವನ್ನು ಕೊಲ್ಲುವ ಮಟ್ಟ ಮುಟ್ಟುವ ಮೊದಲೇ ಇದೆಲ್ಲ ಮುಗಿದಿರುತ್ತದೆ. ತೊಟ್ಟಿಗೆ ಅರೆಬರೆ ಪ್ರಮಾಣದಲ್ಲಿ ಆ್ಯಂಟಿಬಯಾಟಿಕ್ ಸುರಿಯುವುದನ್ನು ನಾನು ಕಟುವಾಗಿ ವಿರೋಧಿಸುವುದಕ್ಕೆ ಇದೂ ಒಂದು ಕಾರಣ. ಪ್ರತಿರೋಧದ ಜೀನನ್ನು ಹೊತ್ತು ಸುಮ್ಮನಿದ್ದವುಗಳನ್ನು ನಾವೇ ಎಚ್ಚರಿಸುತ್ತೇವೆ, ಎಚ್ಚರವಾದವುಗಳಿಗೆ ಮಾತ್ರ ತೊಟ್ಟಿಯನ್ನು ಬಿಟ್ಟುಕೊಡುತ್ತೇವೆ.

ಬೇರೆ ದಾರಿಗಳಿವೆ. ಮಂಗಳೂರಿನ ತಂಡವೇ 2006ರಲ್ಲಿ ವಿಬ್ರಿಯೊ ಹಾರ್ವೆಯಿಯನ್ನು ತಿನ್ನುವ ವೈರಸ್ಸನ್ನು ಬೇರ್ಪಡಿಸಿ, ಹ್ಯಾಚರಿಯಲ್ಲಿ ಅದರಿಂದ ಮರಿಗಳನ್ನು ಉಳಿಸಬಹುದೆಂದು ತೋರಿಸಿತು. ಇನ್ನೊಂದು ದಾರಿ ನಿಯಂತ್ರಕದ ಮೇಲೆಯೇ ಕೈಯಿಡುವುದು. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ, ದಾಲ್ಚಿನ್ನಿಯ ಘಾಟಿಗೆ ಕಾರಣವಾದ ಸಿನ್ನಮಾಲ್ಡಿಹೈಡ್ ಎಂಬ ವಸ್ತು ಲಕ್ಸ್-ಆರ್ ಡಿಎನ್‌ಎಯನ್ನು ಹಿಡಿಯುವ ಶಕ್ತಿಯನ್ನು ಕುಗ್ಗಿಸುತ್ತದೆ, ಅದರಿಂದ ವಿಬ್ರಿಯೊಗಳ ರೋಗಕಾರಕ ಗುಣ ಇಳಿಯುತ್ತದೆ ಎಂದು ವರದಿ ಮಾಡಿದರು. ಬ್ಯಾಕ್ಟೀರಿಯಾವನ್ನು ಕೊಲ್ಲದೆ ಅದು ಓದುವ ಜೀನನ್ನು ಬದಲಿಸುವ ಯೋಚನೆ ಇದು. ಘಟ್ಟದ ಬುಡದಲ್ಲಿ ಕೂತಿರುವ ನಮಗೆ ದಾಲ್ಚಿನ್ನಿ ದೂರದ ವಸ್ತುವಲ್ಲ. ಆದರೆ ಆ ವಸ್ತು ಯಾವ ಪ್ರಮಾಣದಲ್ಲಿ ಸಿಗಡಿಮರಿಗೇ ಹಾನಿಮಾಡುತ್ತದೆ, ತೊಟ್ಟಿಯ ನೀರಿನಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂಬ ಲೆಕ್ಕಗಳಿಲ್ಲದೆ ಹ್ಯಾಚರಿಯವರಿಗೆ ಅದನ್ನು ಹೇಳಲಾಗದು. ಆ ಲೆಕ್ಕ ಹಾಕಲು ಈ ಊರಿಗಿಂತ ಒಳ್ಳೆಯ ಜಾಗ ನನಗೆ ತಿಳಿದಿಲ್ಲ.

ವಿದ್ಯಾರ್ಥಿಗಳಿಗೆ ಇನ್ನೊಂದು ಕೆಲಸವನ್ನು ಸೂಚಿಸಿ ಮುಗಿಸುತ್ತೇನೆ. ಮುರುವಿನಲ್ಲಿ ಟಿಡಿಎಚ್ ಜೀನ್ ಇದೆಯೇ ಎಂದು ಡಿಎನ್‌ಎ ನೋಡಿ ಹೇಳಲು ನಾವು ಕಲಿತಿದ್ದೇವೆ. ಆ ಜೀನಿನ ಆರ್‌ಎನ್‌ಎ ನಕಲು ಮುರುವಿನೊಳಗೆ ಇದೆಯೇ ಎಂದೂ ಅಳೆಯಬೇಕು. ಜೂನ್‌ನಲ್ಲಿ ಹೊಳೆ ಕೆಂಪಾಗಿ ಹರಿದು ಅಳಿವೆಯ ಉಪ್ಪು ಇಳಿದಾಗ ಒಮ್ಮೆ, ಏಪ್ರಿಲ್‌ನ ಬಿಸಿಲಿನಲ್ಲಿ ಉಪ್ಪು ಏರಿದಾಗ ಒಮ್ಮೆ. ಕೆಲಸ ಸುಲಭವಲ್ಲ. ಬ್ಯಾಕ್ಟೀರಿಯಾದ ಸಂದೇಶ ಆರ್‌ಎನ್‌ಎ ಕೆಲವೇ ನಿಮಿಷಗಳಲ್ಲಿ ಅಳಿದುಹೋಗುತ್ತದೆ. ಮುರುವನ್ನು ಪ್ರಯೋಗಾಲಯಕ್ಕೆ ತಂದು ಒಡೆದರೆ ತಡವಾಗಿಬಿಡುತ್ತದೆ. ದೋಣಿಯಲ್ಲೇ ಚಿಪ್ಪು ಬಿಡಿಸಿ ಮಾಂಸವನ್ನು ಆ ಕ್ಷಣವೇ ಆರ್‌ಎನ್‌ಎ ಕೆಡದಂತೆ ಕಾಯುವ ದ್ರಾವಣಕ್ಕೆ ಹಾಕಬೇಕು. ಅಂದರೆ ಮುರು ತೆಗೆಯುವವರ ಜತೆ ಇಳಿತದ ಹೊತ್ತು ನೋಡಿಕೊಂಡು ನೀವೂ ಅಳಿವೆಗೆ ಹೋಗಬೇಕು. ಯಾವ ಕಲ್ಲಿನಲ್ಲಿ ಯಾವ ತಿಂಗಳು ಮುರು ತುಂಬಿರುತ್ತದೆ ಎಂದು ಅವರಿಂದ ಕೇಳಿ ತಿಳಿದುಕೊಂಡೇ ಮಾದರಿಯ ಪಟ್ಟಿ ಮಾಡಬೇಕು. ಪಿತ್ತ ಬೆರೆಸಿದ ದ್ರಾವಣದಲ್ಲಿ ಅದೇ ಬ್ಯಾಕ್ಟೀರಿಯಾವನ್ನು ಬೆಳೆಸಿ ಆ ಎರಡು ಅಳತೆಗಳನ್ನು ಪಕ್ಕಪಕ್ಕ ಇಟ್ಟರೆ, ಅಳಿವೆಯಲ್ಲಿ ಆ ಜೀನ್ ಎಷ್ಟು ಸುಮ್ಮನಿದೆ ಎಂದು ಅಂಕಿಯಲ್ಲೇ ಹೇಳಬಹುದು.